‘ಹೌದು’ ಎಂದು ಬರೆದವಳ ಅರ್ಜಿ

ಮೈಸೂರಿನ ಒಂದು ಬಡಾವಣೆಯಲ್ಲಿ ತಮ್ಮ ಮನೆಯ ಕೆಳಮಹಡಿಯನ್ನೇ ಡೇಕೇರ್ ಮಾಡಿಕೊಂಡು ನಡೆಸುತ್ತಿರುವ ಮಹಿಳೆ ಒಬ್ಬರು. ಕೋರ್ಟಿನಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದ ಅವರ ಚಿಕ್ಕಪ್ಪ ಇನ್ನೊಬ್ಬರು. ಇಬ್ಬರ ನಡುವೆ ಮೇಜಿನ ಮೇಲೆ ಒಂದು ಕೆಲಸದ ಅರ್ಜಿ. ಕೊನೆಯ ಮಗು ಮನೆಗೆ ಹೋದ ಮೇಲೆ ಶುರುವಾದ ಮಾತು ರಾತ್ರಿ ಊಟದವರೆಗೂ ನಡೆಯಿತು. ಯಾರ ಹೆಸರೂ ಬೇಡ ಎಂಬ ಷರತ್ತಿನ ಮೇಲೆ ಬರೆದುಕೊಂಡದ್ದು ಇದು. ಮಾತು ಅಡ್ಡದಾರಿ ಹಿಡಿದ ಕಡೆ ಕತ್ತರಿ ಹಾಕಿದ್ದೇನೆ, ವಾದಕ್ಕೆ ಹಾಕಿಲ್ಲ.

ಆಕೆ: ಚಿಕ್ಕಪ್ಪ, ಇದನ್ನೊಂದು ನೋಡಿ. ನರ್ಸರಿ ಶಿಕ್ಷಕಿಯ (ಎನ್‌ಟಿಟಿ) ತರಬೇತಿ ಆಗಿದೆ, ಎರಡು ಮನೆಗಳಲ್ಲಿ ಮಗು ನೋಡಿಕೊಂಡ ಅನುಭವ ಇದೆ, ಮನೆ ನಡೆದು ಬರುವಷ್ಟು ಹತ್ತಿರ. ಅರ್ಜಿ ಕೊಡೋಕೆ ಬಂದಾಗ ಒಂದು ಮಗು ಬಾಗಿಲಲ್ಲಿ ಕೂತು ರಚ್ಚೆ ಹಿಡಿದಿತ್ತು. ನನ್ನ ಮುಖ ನೋಡಿ, ‘ಎತ್ತಿಕೊಳ್ಳಲಾ ಮೇಡಂ’ ಅಂದಳು, ಎತ್ತಿ ಸೊಂಟಕ್ಕೆ ಹಾಕಿಕೊಂಡಳು, ಅದು ಸುಮ್ಮನಾಯ್ತು. ಎಲ್ಲ ಸರಿ. ಕೊನೆಯ ಖಾನೆ ಮಾತ್ರ ಓದಿ.

ಚಿಕ್ಕಪ್ಪ: ‘ಎಂದಾದರೂ ಪೊಲೀಸರು ನಿಮ್ಮನ್ನು ಬಂಧಿಸಿದ್ದಾರೆಯೇ?’ ‘ಹೌದು. 2011. ಕೋರ್ಟಿನಲ್ಲಿ ಬಿಡುಗಡೆ ಆಗಿದೆ.’ ಯಾವ ಕೇಸು?

ಆಕೆ: ಫೋನ್ ಮಾಡಿ ಕೇಳಿದೆ. ಅಣ್ಣನ ಹೆಂಡತಿ ಕೊಟ್ಟ ದೂರು. ವರದಕ್ಷಿಣೆ, ಹಿಂಸೆ. ಅಣ್ಣ, ಅಪ್ಪ, ಅಮ್ಮ, ಇವಳು, ನಾಲ್ಕು ಜನರನ್ನೂ ಒಂದೇ ಬೆಳಿಗ್ಗೆ ಜೀಪಿಗೆ ಹತ್ತಿಸಿದರಂತೆ. ಇವಳಾಗ ಬಿ.ಎ. ಎರಡನೇ ವರ್ಷ.

ಚಿಕ್ಕಪ್ಪ: 498ಎ. ಇದಕ್ಕೆ ಯಾಕಮ್ಮ ಇಷ್ಟು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೀಯ? ನಮ್ಮ ಕೋರ್ಟಲ್ಲಿ ಈ ಕೇಸಿನ ಕರೆ ಬಂದರೆ ಕಟಕಟೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಗಂಡ ಒಂದನೇ ಆರೋಪಿ, ಮಾವ ಎರಡು, ಅತ್ತೆ ಮೂರು, ನಾದಿನಿ ನಾಲ್ಕು. ಮದುವೆಯಾಗಿ ಬೇರೆ ಊರಲ್ಲಿದ್ದ ಅಕ್ಕನೂ ಒಮ್ಮೊಮ್ಮೆ ಐದು.

ಆಕೆ: ಅವಳು ತಪ್ಪು ಮಾಡಿದ್ದಾಳೆ ಅಂತ ನಾನು ಹೇಳಿದೆನಾ? ನನಗೆ ಗೊತ್ತಿಲ್ಲ ಅಂತ ಹೇಳ್ತಿದ್ದೀನಿ, ಅಷ್ಟೆ. ಇಲ್ಲಿಗೆ ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಇನ್ನೂ ಮಾತು ಕಲಿತಿಲ್ಲ. ಚಿವುಟಿದರೆ ಹೇಳೋಕೆ ಬರಲ್ಲ.

ಚಿಕ್ಕಪ್ಪ: ಗೊತ್ತಿಲ್ಲದ್ದಕ್ಕೆ ಒಂದಿಷ್ಟು ಲೆಕ್ಕ ಕೊಡ್ತೀನಿ, ತಗೋ. 2014ರ ಜುಲೈಯಲ್ಲಿ, ಬಿಹಾರದ ಒಂದು ಕೇಸಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನೊಳಗೇ ಬರೆಯಿತು: 2012ರ ಒಂದೇ ವರ್ಷ ಈ ಕಲಮಿನಲ್ಲಿ ದೇಶದಾದ್ಯಂತ 1,97,762 ಜನರ ಬಂಧನ. ಅವರಲ್ಲಿ 47,951 ಮಂದಿ ಹೆಂಗಸರು. ನಾಲ್ಕರಲ್ಲಿ ಒಬ್ಬರು ಹತ್ತಿರ ಹತ್ತಿರ. ಗಂಡನ ತಾಯಿ, ಅಕ್ಕತಂಗಿಯರನ್ನು ಧಾರಾಳವಾಗಿ ಎಳೆದು ತರುತ್ತಿದ್ದಾರೆ ಅಂತ ಕೋರ್ಟೇ ಹೇಳಿತು. ಆಗ ಚಾರ್ಜ್‌ಶೀಟ್ ಆಗುತ್ತಿದ್ದದ್ದು ನೂರಕ್ಕೆ 93.6, ಶಿಕ್ಷೆ ಆಗುತ್ತಿದ್ದದ್ದು 15.

ಆಕೆ: ಮಿಕ್ಕ 85 ಸುಳ್ಳು ಅಂತಲಾ? ಅದನ್ನ ನನಗೆ ಹೇಳಬೇಡಿ ಚಿಕ್ಕಪ್ಪ. ಇಲ್ಲಿ ಮಗು ಬಿಡೋ ತಾಯಂದಿರಲ್ಲಿ ಇಬ್ಬರು ಈಗ ತವರಲ್ಲಿದ್ದಾರೆ. ಒಬ್ಬಳ ಕೈಮೇಲಿನ ಬರೆ ನಾನೇ ನೋಡಿದ್ದೀನಿ. ಅವಳಿಗೆ ಕೋರ್ಟಿಗೆ ಅಲೆಯೋಕೆ ರಜೆ ಸಿಗಲ್ಲ, ವಕೀಲರಿಗೆ ದುಡ್ಡಿಲ್ಲ. ನಾಳೆ ಅವಳು ಕೈಚೆಲ್ಲಿದರೆ ನಿಮ್ಮ ಲೆಕ್ಕದಲ್ಲಿ ಅದೂ 85ಕ್ಕೇ ಸೇರುತ್ತೆ.

ಚಿಕ್ಕಪ್ಪ: ಸೇರುತ್ತೆ. ಅದು ನಿಜ.

ಆಕೆ: ಅಷ್ಟು ಬೇಗ ಒಪ್ಪಿಕೊಂಡಿರಿ?

ಚಿಕ್ಕಪ್ಪ: ನೋಡಿದ್ದೀನಲ್ಲ. ಈ ಕಲಮು ರಾಜಿಗೆ ಒಗ್ಗುವಂಥದ್ದಲ್ಲ. ಹೊರಗಡೆ ಎರಡೂ ಮನೆಯವರು ಕೂತು, ಒಡವೆ ವಾಪಸು, ಇಷ್ಟು ದುಡ್ಡು, ವಿಚ್ಛೇದನ ಅಂತ ಮಾತು ಮುಗಿಸಿರ್ತಾರೆ. ಕೇಸು ಮಾತ್ರ ಹಾಗೇ ನಿಂತಿರುತ್ತೆ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು, ಇಲ್ಲ ಅಂದರೆ ಸುಲಭದ ದಾರಿ ಇನ್ನೊಂದಿದೆ. ದೂರು ಕೊಟ್ಟವಳೇ ಸಾಕ್ಷಿಕಟ್ಟೆ ಹತ್ತಿ, ‘ನನಗೇನೂ ನೆನಪಿಲ್ಲ ಸ್ವಾಮಿ’ ಅಂದುಬಿಡ್ತಾಳೆ. ಸರ್ಕಾರಿ ವಕೀಲರು ಪ್ರತಿಕೂಲ ಸಾಕ್ಷಿ ಅಂತ ಬರೆಸ್ತಾರೆ. ‘ಅಭಿಯೋಜನೆ ಆರೋಪ ಸಾಬೀತು ಮಾಡುವಲ್ಲಿ ವಿಫಲವಾಗಿದೆ’ ಅಂತ ತೀರ್ಪು. ಹೊಡೆದವನಿಗೂ ಅದೇ ವಾಕ್ಯ, ಏನೂ ಮಾಡದೆ ಹಾಸ್ಟೆಲಲ್ಲಿ ಓದುತ್ತಿದ್ದ ತಂಗಿಗೂ ಅದೇ ವಾಕ್ಯ.

ಆಕೆ: ಅಲ್ಲಿಗೆ ಬಿಡುಗಡೆ ಅನ್ನೋದು ಏನನ್ನೂ ಹೇಳಲ್ಲ.

ಚಿಕ್ಕಪ್ಪ: ಬಂಧನವೂ ಏನನ್ನೂ ಹೇಳಲ್ಲ. ಅದನ್ನ ಯಾಕೆ ಬಿಡ್ತೀಯ?

ಆಕೆ: ಎರಡೂ ಏನನ್ನೂ ಹೇಳದಿದ್ದರೆ ನನ್ನ ಕೈಯಲ್ಲಿ ಉಳಿದದ್ದು ಸಂಶಯ. ಕೋರ್ಟು ಸಂಶಯದ ಲಾಭವನ್ನು ಆರೋಪಿಗೆ ಕೊಡುತ್ತೆ. ಕೊಡಲಿ, ಅದು ಸರಿ. ಒಬ್ಬರನ್ನ ಜೈಲಿಗೆ ಹಾಕೋ ಮುಂಚೆ ಅಷ್ಟು ಖಾತ್ರಿ ಬೇಕು. ನಾನು ಯಾರನ್ನೂ ಜೈಲಿಗೆ ಹಾಕ್ತಿಲ್ಲ. ಕೆಲಸಕ್ಕೆ ಬೇಡ ಅಂತಿದ್ದೀನಿ. ಸಂಶಯದ ಲಾಭವನ್ನ ನಾನು ಮಕ್ಕಳಿಗೆ ಕೊಟ್ಟರೆ ತಪ್ಪೇನು?

(ಇಲ್ಲಿ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಡೀ ಸಂಜೆಯ ಗಟ್ಟಿ ಪ್ರಶ್ನೆ ಇದೇ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.)

ಚಿಕ್ಕಪ್ಪ: ತಪ್ಪು ಇದೆ ಅಂತ ಹೇಳೋದು ಕಷ್ಟ. ಆದರೆ ಇದೊಂದು ಯೋಚನೆ ಮಾಡು. ಈಕೆಯನ್ನ ಹಿಡಿದದ್ದು 2011ರಲ್ಲಿ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ದೂರು ಬಂತು ಅಂತ ಸೀದಾ ಹೋಗಿ ಹಿಡಿಯಬೇಡಿ, ಬಂಧನ ಯಾಕೆ ಬೇಕು ಅಂತ ಕಾರಣ ಬರೆದಿಡಿ, ಬೇಡವಾದರೆ ನೋಟಿಸ್ ಕೊಟ್ಟು ಕರೆಸಿ ಅಂತ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿದ್ದು 2014ರಲ್ಲಿ, ನಾನು ಹೇಳಿದೆನಲ್ಲ, ಅದೇ ತೀರ್ಪು. ಅದೇ ಅತ್ತಿಗೆ, ಅದೇ ಜಗಳ, ಅದೇ ದೂರು, ನಾಲ್ಕು ವರ್ಷ ತಡವಾಗಿ ಆಗಿದ್ದರೆ ಈ ಹುಡುಗಿಗೆ ಬಹುಶಃ ಒಂದು ನೋಟಿಸ್ ಬರ್ತಿತ್ತು. ಕೇಸು ಇರ್ತಿತ್ತು, ಬಂಧನ ಇರ್ತಿರಲಿಲ್ಲ. ಆಗ ನಿನ್ನ ಖಾನೆಯಲ್ಲಿ ‘ಇಲ್ಲ’ ಅಂತ ಬರೆದು ಇವತ್ತು ಕೆಲಸದಲ್ಲಿರ್ತಿದ್ದಳು. ಅವಳು ಎಂಥವಳು ಅಂತ ಕೇಳಿದೀನಿ ಅಂತ ನೀನು ಅಂದುಕೊಂಡಿದ್ದೀಯ. ನೀನು ಕೇಳಿದ್ದು ಆ ದಿನ ಆ ಠಾಣೆಯ ಪೊಲೀಸರು ಏನು ಮಾಡಿದರು ಅಂತ.

ಆಕೆ: ಹಾಗಾದರೆ ಏನು ಕೇಳಬೇಕಿತ್ತು?

ಚಿಕ್ಕಪ್ಪ: ಶಿಕ್ಷೆ ಆಗಿದೆಯಾ, ಈಗ ವಿಚಾರಣೆಯಲ್ಲಿರೋ ಕೇಸು ಇದೆಯಾ ಅಂತ. ಅಷ್ಟು ಸಾಕು.

ಆಕೆ: ಸಾಲದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕೇಸಲ್ಲೂ ಸಾಕ್ಷಿ ತಿರುಗಿ ಬೀಳುತ್ತೆ, ಮನೆಯವರೇ ಮಗುವಿನ ಬಾಯಿ ಮುಚ್ಚಿಸ್ತಾರೆ. ಅಂಥವನೊಬ್ಬ ಬಿಡುಗಡೆಯಾಗಿ ಬಂದು, ಶಿಕ್ಷೆ ಆಗಿಲ್ಲ ಮೇಡಂ ಅಂತ ವ್ಯಾನ್ ಡ್ರೈವರ್ ಕೆಲಸಕ್ಕೆ ನಿಂತರೆ? ನಿಮ್ಮ ಪ್ರಶ್ನೆಯಿಂದ ಅವನು ನುಸುಳಿ ಹೋಗ್ತಾನೆ. ನನ್ನ ಪ್ರಶ್ನೆಯಲ್ಲಿ ಸಿಕ್ಕಿ ಬೀಳ್ತಾನೆ.

ಚಿಕ್ಕಪ್ಪ: ಅವನು ‘ಹೌದು’ ಅಂತ ಬರೀತಾನಾ?

ಆಕೆ: ಬರೆಯಲ್ಲ. ಅದಕ್ಕೇ ಪೊಲೀಸ್ ವೆರಿಫಿಕೇಶನ್ ಇರೋದು. ಅದು ನನ್ನ ಹುಚ್ಚಲ್ಲ ಚಿಕ್ಕಪ್ಪ, ಕಾನೂನು. 2020ರ ಪೋಕ್ಸೋ ನಿಯಮಗಳು ಶಾಲೆ, ಶಿಶುಪಾಲನಾ ಕೇಂದ್ರ, ಆಟದ ಅಕಾಡೆಮಿ, ಯಾವುದನ್ನೂ ಬಿಟ್ಟಿಲ್ಲ. ಕಾಯಂ ಇರಲಿ, ಗುತ್ತಿಗೆ ಇರಲಿ, ಪಾಠ ಹೇಳುವವರಿರಲಿ, ಕಸ ಗುಡಿಸುವವರಿರಲಿ, ಮಗುವಿನ ಹತ್ತಿರ ಬರುವ ಪ್ರತಿಯೊಬ್ಬರದ್ದೂ ಪೊಲೀಸ್ ಪರಿಶೀಲನೆ ಆಗಬೇಕು, ಅದೂ ಆಗಾಗ. ಸರ್ಕಾರದ ಸೇವಾ ಸಿಂಧು ತಾಣದಲ್ಲಿ ಅರ್ಜಿ ಹಾಕಿಸ್ತೀನಿ, ಠಾಣೆಯಿಂದ ವಿಚಾರಣೆ ಮಾಡಿ ಕಾಗದ ಕೊಡ್ತಾರೆ. 2014ರಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಮಗುವಿನ ಮೇಲೆ ದೌರ್ಜನ್ಯ ಆದಮೇಲೆ ಊರೂರಲ್ಲಿ ಎಷ್ಟು ಗಲಾಟೆ ಆಯ್ತು, ನೆನಪಿದೆಯಲ್ಲ. ಅಪ್ಪ-ಅಮ್ಮಂದಿರು ಬೀದಿಗೆ ಇಳಿದಿದ್ದರು. ಆವತ್ತಿನಿಂದ ಗೇಟಲ್ಲಿ ಮೊದಲ ಪ್ರಶ್ನೆಯೇ ಅದು.

ಚಿಕ್ಕಪ್ಪ: ಸರಿ. ಪರಿಶೀಲನೆಯಲ್ಲಿ ‘2011ರಲ್ಲಿ ಪ್ರಕರಣ ದಾಖಲು, ಬಿಡುಗಡೆ’ ಅಂತ ಬಂದರೆ ಏನು ಮಾಡಬೇಕು ಅಂತ ಆ ನಿಯಮದಲ್ಲಿ ಇದೆಯಾ?

ಆಕೆ: ಅದೇ ನನ್ನ ಗೋಳು. ಪರಿಶೀಲಿಸಿ ಅಂತ ಇದೆ. ಯಾವ ಅಪರಾಧ ಬಂದರೆ ಬೇಡ, ಎಷ್ಟು ಹಳೆಯದಾದರೆ ಪರವಾಗಿಲ್ಲ, ಬಿಡುಗಡೆ ಆದರೆ ಏನು, ಒಂದೂ ಇಲ್ಲ. ಕಾಗದ ತರಿಸೋವರೆಗೆ ಸರ್ಕಾರದ ಜವಾಬ್ದಾರಿ, ತಂದಮೇಲೆ ನನ್ನ ತಲೆನೋವು. ದೊಡ್ಡ ಶಾಲೆಗಳಲ್ಲಿ ಕಮಿಟಿ ಇದೆ, ವಕೀಲರಿದ್ದಾರೆ. ನನಗೆ ಯಾರಿದ್ದಾರೆ, ನೀವು ಬಿಟ್ಟರೆ? ಯಾವುದೇ ಗುರುತು ಕಂಡರೂ ‘ಬೇಡಮ್ಮ’ ಅನ್ನೋದೇ ನನಗೆ ಕ್ಷೇಮ. ತಗೊಂಡು ಏನಾದರೂ ಆದರೆ, ‘ಗೊತ್ತಿದ್ದೂ ತಗೊಂಡಳು’ ಅಂತ ನನ್ನನ್ನೇ ಮೊದಲು ಹಿಡೀತಾರೆ. ತಗೊಳ್ಳದೇ ಇದ್ದರೆ ಯಾರೂ ಏನೂ ಕೇಳಲ್ಲ.

ಚಿಕ್ಕಪ್ಪ: ಅವಳೊಬ್ಬಳು ಬಿಟ್ಟು.

ಆಕೆ: ಅವಳೂ ಕೇಳಲ್ಲ. ಫೋನಲ್ಲಿ ಹೇಳಿದಳು, ಇದು ಮೊದಲನೇ ಸಲ ಅಲ್ಲ ಮೇಡಂ ಅಂತ.

ಚಿಕ್ಕಪ್ಪ: ಸರ್ಕಾರಿ ಕೆಲಸವಾಗಿದ್ದರೆ ಒಂದಿಷ್ಟು ದಾರಿ ಇತ್ತು. 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಕೂತು ವಿಂಗಡಿಸಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು, ಅಂಥ ಸಣ್ಣಪುಟ್ಟದ್ದನ್ನು ನೇಮಕಾತಿ ಮಾಡುವವರು ಬದಿಗಿಡಬಹುದು. ಗಂಭೀರ ಕೇಸಲ್ಲಿ ತಾಂತ್ರಿಕ ಕಾರಣಕ್ಕೆ ಬಿಡುಗಡೆ ಆಗಿದ್ದರೆ ಎಲ್ಲ ಸಂಗತಿ ನೋಡಿ ತೀರ್ಮಾನ ಮಾಡಬಹುದು. ಅದಕ್ಕೂ ಮೊದಲು, 2011ರಲ್ಲಿ, ದೆಹಲಿ ಪೊಲೀಸಿನ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಬಂದ ಹುಡುಗನೊಬ್ಬ ಹಳೇ ಹೊಡೆದಾಟದ ಕೇಸು ಮುಚ್ಚಿಟ್ಟಿದ್ದ. ಹುಡುಗುಬುದ್ಧಿಯ ತಪ್ಪಿಗೆ ಬದುಕಿಡೀ ಹಣೆಪಟ್ಟಿ ಬೇಡ ಅಂತ ಕೋರ್ಟು ಅವನ ಕಡೆ ನಿಂತಿತು. ರೊಟ್ಟಿ ಕದ್ದು ಜೈಲಿಗೆ ಹೋದ ಜೀನ್ ವಾಲ್ಜೀನನ ಕಥೆಯನ್ನೂ ತೀರ್ಪಲ್ಲಿ ನೆನೆದರು.

ಆಕೆ: ಎಲ್ಲ ಹೇಳಿದಿರಿ, ಒಂದು ಬಿಟ್ಟಿರಿ. ಆ 2016ರ ತೀರ್ಪನ್ನು ನಾನೂ ಹುಡುಕಿ ಓದಿದೆ. ನಿಜ ಹೇಳಿಕೊಂಡವರನ್ನೂ ತೆಗೆದುಕೊಳ್ಳಲೇಬೇಕು ಅಂತ ಬಲವಂತ ಇಲ್ಲ, ಹಿನ್ನೆಲೆ ನೋಡೋ ಹಕ್ಕು ಕೆಲಸ ಕೊಡುವವರಿಗೆ ಇದೆ ಅಂತಲೂ ಅದರಲ್ಲಿದೆ.

ಚಿಕ್ಕಪ್ಪ: ಇದೆ. ನೋಡಬೇಕು ಅಂತಿದೆ, ನೋಡದೆ ಎಸೆಯಿರಿ ಅಂತಿಲ್ಲ. ನೀನು ಇನ್ನೂ ನೋಡಿಲ್ಲ. ಖಾನೆ ಓದಿ ನಿಂತಿದ್ದೀಯ.

ಆಕೆ: ನಿಮ್ಮ ಮಗಳು ಅಮೆರಿಕದಲ್ಲಿ ಡೇಕೇರ್ ಕೆಲಸಕ್ಕೆ ಸೇರುವಾಗ ಹತ್ತು ಬೆರಳಿನ ಗುರುತು ಕೊಟ್ಟಳಲ್ಲ, ಆಗ ಯಾಕೆ ನೀವು ಸುಮ್ಮನಿದ್ದಿರಿ?

ಚಿಕ್ಕಪ್ಪ: ಅದನ್ನ ತೆಗೆದದ್ದು ಒಳ್ಳೇದಾಯ್ತು. ಅವಳು ಎಲ್ಲ ವಿವರಿಸಿದ್ದಳು. ಅಲ್ಲಿ 2014ರ ಕೇಂದ್ರ ಕಾನೂನು ಒಂದಿದೆ. ಎಫ್‌ಬಿಐಗೆ ಬೆರಳಚ್ಚು, ರಾಜ್ಯದ ಅಪರಾಧ ದಾಖಲೆ, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ, ಲೈಂಗಿಕ ಅಪರಾಧಿಗಳ ಪಟ್ಟಿ, ಎಲ್ಲ ತಡಕ್ತಾರೆ. ನಮ್ಮದಕ್ಕಿಂತ ಬಿಗಿ. ಆದರೆ ಯಾವ ಅಪರಾಧ ಸಾಬೀತಾದರೆ ಕೆಲಸ ಇಲ್ಲ ಅಂತ ಪಟ್ಟಿ ಇದೆ. ಕೊಲೆ, ಮಕ್ಕಳ ಮೇಲಿನ ಅಪರಾಧ, ಅತ್ಯಾಚಾರ, ಅಪಹರಣ, ಬೆಂಕಿ ಹಚ್ಚೋದು, ಹಲ್ಲೆ, ಹೀಗೆ. ಮಾದಕ ವಸ್ತುವಿನ ಅಪರಾಧಕ್ಕೆ ಐದು ವರ್ಷದ ಗಡುವು. ವರದಿಯಲ್ಲಿ ತಪ್ಪಿದ್ದರೆ ಮೇಲ್ಮನವಿಗೆ ಅವಕಾಶವೂ ಇದೆ. ಆ ಕಾನೂನಿನ ಪಟ್ಟಿಯಲ್ಲಿರೋದು ಸಾಬೀತಾದ ಅಪರಾಧ. ಬರೀ ಬಂಧನ ಅಲ್ಲ.

ಆಕೆ: ಸಂಗಾತಿಗೆ ಹಿಂಸೆ ಕೊಟ್ಟದ್ದೂ ಆ ಪಟ್ಟಿಯಲ್ಲಿ ಇದೆಯಲ್ವಾ?

ಚಿಕ್ಕಪ್ಪ: ... ಇದೆ.

ಆಕೆ: ನೋಡಿ. ಮನೆಯೊಳಗೆ ಹಿಂಸೆ ಮಾಡಿದವರು ಮಕ್ಕಳ ಹತ್ತಿರ ಬೇಡ ಅಂತ ಅಲ್ಲಿಯವರಿಗೂ ಅನ್ನಿಸಿದೆ. ನಾನೇನೂ ಗಾಳಿಗೆ ಹೆದರ್ತಿಲ್ಲ.

ಚಿಕ್ಕಪ್ಪ: ಸಾಬೀತಾದರೆ. ಅದೂ ಹಿಂಸೆ ಮಾಡಿದವರಿಗೆ. ಅವರ ತಂಗಿಗಲ್ಲ.

ಆಕೆ: ಪಟ್ಟಿ ಅಂದ ತಕ್ಷಣ ಎಲ್ಲ ಸರಿಹೋಗಲ್ಲ. ಇಪ್ಪತ್ತನೇ ವಯಸ್ಸಲ್ಲಿ ಮಾಡಿದ ತಪ್ಪಿಗೆ ಶಿಕ್ಷೆ ಮುಗಿಸಿ ಐವತ್ತಕ್ಕೆ ಬಂದವಳಿಗೆ ಪಟ್ಟಿಯ ಹತ್ತಿರ ಕರುಣೆ ಇರಲ್ಲ. ನನ್ನ ಹತ್ತಿರ ಕೂತು ಮಾತಾಡಬಹುದು. ಪಟ್ಟಿಯ ಹತ್ತಿರ ಆಗಲ್ಲ. ಆದರೂ ಒಪ್ತೀನಿ, ಪಟ್ಟಿ ಇದ್ದಿದ್ದರೆ ಇವತ್ತು ನಾನು ಹೀಗೆ ಒದ್ದಾಡ್ತಿರಲಿಲ್ಲ.

(ಇಬ್ಬರೂ ಪೂರ್ತಿ ಒಂದಾದದ್ದು ಈ ಒಂದು ಕಡೆ ಮಾತ್ರ. ಅಂಥದೊಂದು ಪಟ್ಟಿಯನ್ನು ಕೇಂದ್ರವೋ ರಾಜ್ಯವೋ ಬರೆದು ಹಾಕಲಿ ಎಂದರು.)

ಚಿಕ್ಕಪ್ಪ: ನಿನ್ನ ಹಳೇ ಆಯಾ ಇದ್ದಳಲ್ಲ, ಸೊಸೆ ಹೆರಿಗೆಗೆ ಅಂತ ಊರಿಗೆ ಹೋದವಳು. ಅವಳು ಈ ಖಾನೆಯಲ್ಲಿ ಏನು ಬರೆದಿದ್ದಳು?

ಆಕೆ: ‘ಇಲ್ಲ’ ಅಂತ. ಯಾಕೆ?

ಚಿಕ್ಕಪ್ಪ: ಮುಂಚೆ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಒಮ್ಮೆ ಬಳೆ ಕಳೆದಿತ್ತು, ಠಾಣೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರಿಸಿದ್ದರು, ಆಮೇಲೆ ಬಳೆ ಬೀರುವಿನ ಹಿಂದೆ ಸಿಕ್ಕಿತು ಅಂತ ನನ್ನ ಹತ್ತಿರ ಹೇಳಿದ್ದಳು. ಅದು ಬಂಧನವೋ, ವಿಚಾರಣೆಗೆ ಕರೆದದ್ದೋ, ಸುಮ್ಮನೆ ಕೂರಿಸಿದ್ದೋ, ಅವಳಿಗೂ ಗೊತ್ತಿಲ್ಲ, ಕೂರಿಸಿದವರಿಗೂ ಗೊತ್ತಿರಲಿಕ್ಕಿಲ್ಲ. ಮನೆಕೆಲಸದ ಹೆಂಗಸರಲ್ಲಿ ಎಷ್ಟು ಜನಕ್ಕೆ ಇಂಥ ಒಂದು ದಿನ ಇದೆಯೋ ಲೆಕ್ಕ ಇಟ್ಟವರಿಲ್ಲ. ಆಯಾ ಕೆಲಸಕ್ಕೆ ಬರೋದು ಅವರೇ. ನಿನ್ನ ಪ್ರಶ್ನೆಗೆ ನಿಯತ್ತಾಗಿ ಉತ್ತರ ಕೊಟ್ಟರೆ ಅವರಲ್ಲಿ ಅರ್ಧ ಜನ ಹೊರಗೆ. ನಿನ್ನಂಥವಳನ್ನ, ನನ್ನಂಥವನನ್ನ ಯಾರೂ ಬಳೆಗೆ ಅಂತ ಠಾಣೆಯಲ್ಲಿ ಕೂರಿಸಲ್ಲ. ನಾವು ‘ಇಲ್ಲ’ ಅಂತ ಬರೆಯೋದು ನಮ್ಮ ಗುಣದಿಂದಲ್ಲ ಕಣಮ್ಮ, ನಮ್ಮ ಮನೆ ಇರೋ ಬೀದಿಯಿಂದ.

ಆಕೆ: ನನಗೆ ಯಾಕೆ ಹೇಳಲಿಲ್ಲ ಇದನ್ನ?

ಚಿಕ್ಕಪ್ಪ: ಹೇಳಿದ್ದರೆ ಇಟ್ಟುಕೊಳ್ತಿದ್ದೆಯಾ?

ಆಕೆ: ಆಗ ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಒಂದು ಮಗುವನ್ನೂ ಗದರಿದವಳಲ್ಲ ಅವಳು.

ಚಿಕ್ಕಪ್ಪ: ಇನ್ನೊಂದು. ‘ಎಂದಾದರೂ’ ಅಂತ ಬರೆಸಿದ್ದೀಯ. ಹದಿನೆಂಟು ತುಂಬುವ ಮೊದಲು ಆದದ್ದನ್ನು ಪೊಲೀಸರೇ ಹೇಳುವ ಹಾಗಿಲ್ಲ. ಕೇಸು ಮುಗಿದಿದ್ದರೆ ನಡತೆ ಪ್ರಮಾಣಪತ್ರಕ್ಕೂ ಆ ದಾಖಲೆ ಕೊಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತೆ. ಕಾನೂನು ಪೊಲೀಸರ ಬಾಯಿ ಕಟ್ಟಿದೆ, ನೀನು ಅದನ್ನ ಆ ಹುಡುಗ ಹುಡುಗಿಯರ ಬಾಯಿಂದಲೇ ಬರೆಸ್ತೀಯ.

ಆಕೆ: ಅದು ನನಗೆ ಹೊಳೆದಿರಲಿಲ್ಲ. ಸರಿ, ಅದನ್ನ ತಿದ್ದುತ್ತೀನಿ. ಆದರೆ ಚಿಕ್ಕಪ್ಪ, ನಾನು ಕೇಳದಿದ್ದರೂ ಇದು ಈಗ ಬಚ್ಚಿಡುವ ಸಂಗತಿಯಾಗಿ ಉಳಿದಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ ಆರಿಸಿ, ವರ್ಷ ಹಾಕಿ, ಹೆಸರು ಬರೆದರೆ ಕೇಸಿನ ಹಣೆಬರಹ ಬರುತ್ತೆ. ಬಿಡುಗಡೆ ಆದವರದ್ದೂ. ನಾನು ಸುಮ್ಮನಿದ್ದರೂ ಇಲ್ಲಿ ಮಗು ಬಿಡೋ ಅಪ್ಪ ಒಬ್ಬ ಸಾಫ್ಟ್‌ವೇರಿನವನು, ಐದು ನಿಮಿಷದಲ್ಲಿ ತೆಗೀತಾನೆ. ಕಂಪನಿಗಳದ್ದು ಇನ್ನೊಂದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ 50 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಸೌಲಭ್ಯ ಕೊಡಬೇಕಲ್ಲ, ಹಾಗೆ ಒಂದು ಕಂಪನಿ ನನ್ನ ಜೊತೆ ಒಪ್ಪಂದ ಮಾಡಿಕೊಂಡಿದೆ. ಅವರ ಎಚ್‌ಆರ್‌ನವರು ಪ್ರತಿ ಆಯಾಳ ವೆರಿಫಿಕೇಶನ್ ಕಾಗದ ಕೇಳ್ತಾರೆ. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಇದ್ದರೂ ಮೇಲ್ ಬರುತ್ತೆ.

ಚಿಕ್ಕಪ್ಪ: ಆ ಹೆಸರು ಅಳಿಸಿ ಅಂತ ಕೋರ್ಟಿಗೆ ಹೋದವರೂ ಇದ್ದಾರೆ. ಭಾರತ ಮೂಲದ ಅಮೆರಿಕನ್ನನೊಬ್ಬ, ಇಲ್ಲಿಗೆ ಬಂದಾಗ ಮಾದಕ ವಸ್ತುವಿನ ಕೇಸಲ್ಲಿ ಸಿಕ್ಕಿಹಾಕಿಕೊಂಡ, ಕೆಳಗಿನ ಕೋರ್ಟಲ್ಲೂ ಹೈಕೋರ್ಟಲ್ಲೂ ಬಿಡುಗಡೆ ಆದ. ವಾಪಸು ಹೋಗಿ ಕಾನೂನು ಓದಿದ. ಹೆಸರು ಹುಡುಕಿದರೆ ತೀರ್ಪೇ ಮೊದಲು ಬರ್ತಿತ್ತು, ಕೆಲಸ ಸಿಗಲಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟು, ಸದ್ಯಕ್ಕೆ ಹುಡುಕಾಟದಲ್ಲಿ ಬಾರದ ಹಾಗೆ ಮಾಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷ ಮದ್ರಾಸಿನಲ್ಲಿ ಇನ್ನೊಬ್ಬನಿಗೆ ಆಗಲ್ಲ ಅಂದರು. 2024ರಲ್ಲಿ ಅಲ್ಲಿಯದೇ ವಿಭಾಗೀಯ ಪೀಠ ಆಗುತ್ತೆ ಅಂದಿತು. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಆಕೆ: ಕಾನೂನು ಓದಿದವನಿಗೇ ಹೈಕೋರ್ಟು ಬೇಕಾಯ್ತು. ಈ ಅರ್ಜಿ ಕೊಟ್ಟವಳು ಎಲ್ಲಿಗೆ ಹೋಗ್ತಾಳೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಇವಳು ಅಡಿಕೆಯನ್ನೂ ಕದ್ದಿಲ್ಲವೇನೋ.

ಚಿಕ್ಕಪ್ಪ: ಈಗ ನೀನೇ ಅವಳ ವಕೀಲಿಕೆ ಮಾಡ್ತಿದ್ದೀಯ.

ಆಕೆ: ಮರುಕ ಬೇರೆ, ಕೆಲಸಕ್ಕೆ ಇಟ್ಟುಕೊಳ್ಳೋದು ಬೇರೆ. ಪೇರೆಂಟ್ಸ್ ವಾಟ್ಸ್ಆ್ಯಪ್ ಗುಂಪಲ್ಲಿ ಒಂದು ಸಾಲು ಬಿದ್ದರೆ ಸಾಕು. ‘ಬೆಂಕಿಯಿಲ್ಲದೆ ಹೊಗೆಯಾಡುತ್ತಾ’ ಅಂತ ಯಾರಾದರೂ ಬರೀತಾರೆ, ಕೆಳಗೆ ಹತ್ತು ಜನ ಕೈ ಮುಗೀತಾರೆ. ನಾಲ್ಕು ಮಕ್ಕಳು ಬಿಟ್ಟು ಹೋದರೆ ನಾನು ಉಳಿದ ಇಬ್ಬರು ಆಯಾಗಳಿಗೆ ಸಂಬಳ ಕೊಡೋದು ಕಷ್ಟ.

ಚಿಕ್ಕಪ್ಪ: ಅಂದರೆ ನಿನ್ನ ಭಯ ಆ ಹುಡುಗಿಯದ್ದಲ್ಲ, ಅಪ್ಪ-ಅಮ್ಮಂದಿರದ್ದು.

ಆಕೆ: ಅರ್ಧ ಅವರದ್ದು. ಇನ್ನರ್ಧ ನಿಜವಾಗಿಯೂ ಮಕ್ಕಳದ್ದು. ಅದನ್ನ ನೀವು ಲಘುವಾಗಿ ತಗೋಬೇಡಿ.

ಚಿಕ್ಕಪ್ಪ: ಇಲ್ಲಮ್ಮ. ಆದರೆ ಮಕ್ಕಳನ್ನ ಕಾಯೋದು ಆ ಕಾಗದ ಅಂತ ನಂಬಿದರೆ ಮೋಸ ಹೋಗ್ತೀಯ. ಠಾಣೆಯ ಕಾಗದಕ್ಕೆ ಗೊತ್ತಾಗೋದು ಒಮ್ಮೆ ಸಿಕ್ಕಿಬಿದ್ದವರು ಮಾತ್ರ. ಪೋಕ್ಸೋ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಯದವರೇ ಅಂತ ಅಪರಾಧ ದಾಖಲೆ ಬ್ಯೂರೋ ವರ್ಷ ವರ್ಷವೂ ಹೇಳ್ತಿದೆ. ನೆಂಟರು, ಪಕ್ಕದ ಮನೆಯವರು, ಗೊತ್ತಿರುವವರು. ಅವರಲ್ಲಿ ಬಹಳ ಜನರ ಕಾಗದ ಅವತ್ತಿನವರೆಗೆ ಶುಭ್ರವಾಗೇ ಇದ್ದಿರಬೇಕು.

ಆಕೆ: ನನಗೆ ಹೇಳ್ತೀರಾ? ಇಲ್ಲಿ ಡೈಪರ್ ಬದಲಾಯಿಸೋ ಮೇಜು ಹಾಲ್‌ನಲ್ಲೇ ಇದೆ, ಒಳಕೋಣೆಯಲ್ಲಿಲ್ಲ. ಬಚ್ಚಲಿಗೆ ಅರ್ಧ ಬಾಗಿಲು. ಯಾವ ಹೊತ್ತಲ್ಲೂ ಒಬ್ಬರೇ ಒಂದು ಮಗುವಿನ ಜೊತೆ ಮರೆಯಲ್ಲಿ ಇರೋ ಹಾಗಿಲ್ಲ, ಅದು ನನಗೂ ಸೇರಿ. ಮಧ್ಯಾಹ್ನ ಮಕ್ಕಳು ಮಲಗಿದಾಗ ಪರದೆ ಎಳೆಯಲ್ಲ. ಮಗುವಿನ ಮೈಮೇಲೆ ತರಚಿದ್ದು ಕಂಡರೆ ಯಾವ ಹೊತ್ತಿಗೆ, ಯಾರ ಪಾಳಿಯಲ್ಲಿ ಅಂತ ನೋಟ್‌ಬುಕ್ಕಲ್ಲಿ ಬರೀತೀವಿ. ಸಂಜೆ ತಾಯಿಗೆ ನಾನೇ ಮೊದಲು ತೋರಿಸ್ತೀನಿ. ಇದ್ಯಾವುದನ್ನೂ ಗೇಟಲ್ಲಿ ನಿಂತವರು ಕೇಳಲ್ಲ. ಕೇಳೋದು ಸಿಸಿಟಿವಿ ಇದೆಯಾ, ವೆರಿಫಿಕೇಶನ್ ಆಗಿದೆಯಾ. ಎರಡೇ.

ಚಿಕ್ಕಪ್ಪ: ಇಷ್ಟೆಲ್ಲ ಇರೋ ಜಾಗದಲ್ಲಿ ಅವಳು ಬಂದು ಏನು ಮಾಡಲು ಸಾಧ್ಯ?

ಆಕೆ: ಒಂದು ಕೇಳ್ತೀನಿ, ಸಿಟ್ಟಾಗಬಾರದು. ನಿಮ್ಮ ಮೊಮ್ಮಗಳು ಮುಂದಿನ ತಿಂಗಳು ಬರ್ತಾಳಲ್ಲ. ಒಂದೂವರೆ ವರ್ಷದ ಕೂಸು. ಇವಳ ಕೈಗೆ ಕೊಟ್ಟು ಪೇಟೆಗೆ ಹೋಗ್ತೀರಾ?

(ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.)

ಚಿಕ್ಕಪ್ಪ: ಅವಳ ಕೇಸಿನ ತೀರ್ಪು ಒಮ್ಮೆ ಓದಿ ಆಮೇಲೆ ಹೋಗ್ತೀನಿ.

ಆಕೆ: ನಿಮಗೂ ಕಾಗದ ಬೇಕು.

ಚಿಕ್ಕಪ್ಪ: ಬೇಕು. ಆದರೆ ನಾನು ಕೇಳ್ತಿರೋದು ಇನ್ನೊಂದು ಕಾಗದ. ಠಾಣೆಯ ಒಂದು ಸಾಲಲ್ಲ, ಕೋರ್ಟಿನ ಪೂರ್ತಿ ತೀರ್ಪು. ನಾಲ್ಕನೇ ಆರೋಪಿಯ ಮೇಲೆ ಏನು ಆರೋಪ ಅಂತ ಅದರಲ್ಲಿರುತ್ತೆ. ‘ನಾದಿನಿಯೂ ಸೇರಿ ಕಿರುಕುಳ ಕೊಟ್ಟರು’ ಅಂತ ಒಂದೇ ಮಾತಿದ್ದರೆ ಒಂದು ಥರ. ‘ನಾದಿನಿ ಸೌಟು ಕಾಯಿಸಿ ಇಟ್ಟಳು’ ಅಂತ ದಿನಾಂಕ, ಗಾಯದ ಪ್ರಮಾಣಪತ್ರ ಇದ್ದರೆ, ಆಮೇಲೆ ಸಾಕ್ಷಿ ತಿರುಗಿದ್ದರೂ, ನಾನೂ ಎರಡು ಸಲ ಯೋಚಿಸ್ತೀನಿ.

ಆಕೆ: ನಾನು ಆಗಿನಿಂದ ಅದನ್ನೇ ಹೇಳ್ತಿದ್ದೀನಿ.

ಚಿಕ್ಕಪ್ಪ: ಇಲ್ಲ, ನೀನು ಓದದೆ ಯೋಚಿಸ್ತಿದ್ದೆ.

ಆಕೆ: ಸರಿ ಬಿಡಿ. ಕರೆಸ್ತೀನಿ. ತೀರ್ಪಿನ ನಕಲು ತರೋಕೆ ಹೇಳ್ತೀನಿ, ಕೆಲಸ ಮಾಡಿದ ಆ ಎರಡು ಮನೆಗೂ ನಾನೇ ಹೋಗಿ ಕೇಳ್ತೀನಿ, ಫೋನಲ್ಲಿ ಅಲ್ಲ. ತಗೊಂಡರೆ ಮೊದಲ ಮೂರು ತಿಂಗಳು ಮಾತು ಬರುವ ಮಕ್ಕಳ ಕಡೆ. ತೊಟ್ಟಿಲ ಕೂಸುಗಳ ಕಡೆ ಆಮೇಲೆ.

ಚಿಕ್ಕಪ್ಪ: ಅದು ಅವಳಿಗೆ ಮಾತ್ರವಾ?

ಆಕೆ: ಇನ್ನು ಮೇಲೆ ಹೊಸದಾಗಿ ಬರೋ ಎಲ್ಲರಿಗೂ. ಅವಳಿಗೆ ಮಾತ್ರ ಅಂದರೆ ಉಳಿದವರು ವಾರದೊಳಗೆ ಕಾರಣ ಪತ್ತೆ ಮಾಡ್ತಾರೆ.

ಚಿಕ್ಕಪ್ಪ: ಅರ್ಜಿಯಲ್ಲಿ ಆ ಪ್ರಶ್ನೆ?

ಆಕೆ: ತೆಗೆಯಲ್ಲ. ಹದಿನೆಂಟರ ನಂತರ ಅಂತ ಸೇರಿಸ್ತೀನಿ, ಏನಾಯಿತು ಅಂತ ಬರೆಯೋಕೆ ನಾಲ್ಕು ಸಾಲು ಜಾಗ ಬಿಡ್ತೀನಿ.

ಚಿಕ್ಕಪ್ಪ: ನಾಲ್ಕು ಸಾಲಲ್ಲಿ ಯಾರೂ ತಮ್ಮ ಮನೆಯ ಜಗಳ ಬರೆಯಲ್ಲಮ್ಮ. ಮುಂದಿನವಳು ‘ಇಲ್ಲ’ ಅಂತ ಬರೆದು ಮುಗಿಸ್ತಾಳೆ. ಈಕೆ ನಿಜ ಬರೆದದ್ದಕ್ಕೆ ನಾವು ಇಷ್ಟು ಹೊತ್ತು ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿದೆವು. ಬರೆಯದೆ ಇದ್ದವಳು ಈಗಾಗಲೇ ಕೆಲಸದಲ್ಲಿರ್ತಿದ್ದಳು.

ಆಕೆ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ತೆಗೆಯಲ್ಲ.

ಚಿಕ್ಕಪ್ಪ: ತಗೊಂಡರೆ ಅಪ್ಪ-ಅಮ್ಮಂದಿರಿಗೆ ಹೇಳ್ತೀಯಾ?

ಆಕೆ: ಹೇಳದೆ ಇದ್ದರೆ ಮುಚ್ಚಿಟ್ಟಳು ಅಂತಾರೆ. ಹೇಳಿದರೆ ಅವಳು ಒಂದು ದಿನವೂ ಇಲ್ಲಿ ತಲೆ ಎತ್ತಿ ಓಡಾಡಲ್ಲ.

ಚಿಕ್ಕಪ್ಪ: ಕೋರ್ಟು ಬಿಟ್ಟ ಮೇಲೆ ಊರಿಗೆಲ್ಲ ಸಾರೋ ಹಕ್ಕು ನಿನಗಿಲ್ಲ.

ಆಕೆ: ಮಗು ಅವರದ್ದು ಚಿಕ್ಕಪ್ಪ. ಹಕ್ಕು ಅವರಿಗೂ ಒಂದಿಷ್ಟು ಇದೆ.

ಇದು ಇತ್ಯರ್ಥವಾಗದೆ ಇಬ್ಬರೂ ಊಟಕ್ಕೆ ಎದ್ದರು. ಮರುದಿನ ಆಕೆ ಫೋನ್ ಮಾಡಿ ತೀರ್ಪಿನ ನಕಲು ತರಲು ಹೇಳಿದ್ದಾರೆ. ಬಿಡುಗಡೆಯಾದ ದಿನ ನಕಲು ತೆಗೆದುಕೊಳ್ಳಬೇಕೆಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಈಗ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಇಂಥ ಕೇಸಿನಿಂದ ಬಿಡುಗಡೆಯಾದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಕೆಲಸ ಹುಡುಕುವ ಮೊದಲೇ ತೀರ್ಪಿನ ದೃಢೀಕೃತ ನಕಲು ತೆಗೆಸಿ ಇಟ್ಟುಕೊಳ್ಳಲು ಹೇಳಿ.